ಹೊಂಬಾಳಮ್ಮನ ಹಿತ್ತಲಲ್ಲಿ ಮಾವ ಕೂಗಿದ್ದು

ಬೇರೆ ಊರುಗಳಲ್ಲಿ ಹುಂಜ ಬರೀ ಕೊಕ್ಕೊರೊಕೋ ಎನ್ನುತ್ತದೆಂದು ನನಗೆ ಗೊತ್ತಾದದ್ದು ಕಾಲೇಜು ಸೇರಿದ ಮೇಲೆ. ಹಾಸ್ಟೆಲಿನ ಮೊದಲ ಬೆಳಗ್ಗೆ ಕಿಟಕಿಯಾಚೆ ಒಂದು ಹುಂಜ ಗಂಟಲು ಹರಿಯುವಂತೆ ಅದನ್ನೇ ನಾಲ್ಕು ಸಲ ಹೇಳಿತು. ನಾನು ಹಾಸಿಗೆಯಲ್ಲಿ ಎದ್ದು ಕೂತು, ಪಾಪ, ಆ ಮನೆಯಲ್ಲಿ ಯಾರೋ ತೊದಲುವವರು ತೀರಿಕೊಂಡಿರಬೇಕು ಅಂದುಕೊಂಡೆ.

ನಮ್ಮೂರ ಹುಂಜಗಳು ಮಾತಾಡುತ್ತಿದ್ದವು. ಮಾತೆಂದರೆ ಭಾಷಣವಲ್ಲ, ಒಂದೇ ಒಂದು ಮಾತು. ಯಾವ ಹಿತ್ತಲಲ್ಲಿ ಮೊಟ್ಟೆಯೊಡೆದು ಹೊರಬಂತೋ ಆ ಮನೆಯಲ್ಲಿ ತೀರಿಹೋದವರೊಬ್ಬರು ಬದುಕಿದ್ದಾಗ ದಿನಾ ಬೆಳಗ್ಗೆ ಏನು ಹೇಳುತ್ತಿದ್ದರೋ ಅದು, ಅವರದೇ ಧ್ವನಿಯಲ್ಲಿ. ಮರಿಗೆ ನಾಲ್ಕೈದು ತಿಂಗಳಾದಾಗ ಗಂಟಲೊಡೆಯುತ್ತಿತ್ತು. ಆ ದಿನ ಮನೆಯವರು ಬೀದಿಗೆಲ್ಲ ಕಡ್ಲೆಪುರಿ ಬೆಲ್ಲ ಹಂಚುತ್ತಿದ್ದರು. ಅಲ್ಲಿಂದ ಸಾಯುವವರೆಗೂ ಆ ಹುಂಜಕ್ಕೆ ಅದೇ ಮಾತು. ದರ್ಜಿ ಮುದ್ದಯ್ಯನವರ ಮನೆಯ ಹುಂಜ "ನನ್ ಕನ್ನಡಕ ಯಾವನ್ಲಾ ಮುಟ್ಟಿದ್ದು?" ಎಂದು ಗದರುತ್ತಿತ್ತು. ಎಂಟು ವರ್ಷ ಆ ಮನೆಯವರು ಬೆಳಗ್ಗೆ ಎದ್ದವರೇ ಮುದ್ದಯ್ಯನವರ ಕನ್ನಡಕ ತಂದು ಹುಂಜದ ಮುಂದಿಟ್ಟು, ಆಮೇಲೆ ಮುಖ ತೊಳೆಯುತ್ತಿದ್ದರು. ಹೆಣ್ಣು ನೋಡಲು ಬರುವವರು ಹಿಂದಿನ ದಿನವೇ ಬಂದು ತಂಗಿ, ಬೆಳಗ್ಗೆ ಹುಂಜ ಕೇಳಿ, ಮನೆತನ ಎಂಥದ್ದೆಂದು ತಿಳಿದುಕೊಂಡು ಆಮೇಲೆ ಉಪ್ಪಿಟ್ಟಿಗೆ ಕೈ ಹಾಕುತ್ತಿದ್ದರು.

ಒಂದು ಹಿತ್ತಲಿಗೆ ಒಂದೇ ಹುಂಜ. ಇದು ಊರಿನ ಕಟ್ಟಳೆ. ಗಾಣದ ಮನೆಯವರು ಒಮ್ಮೆ ಅಸಡ್ಡೆ ಮಾಡಿ ಎರಡು ಹುಂಜ ಉಳಿಸಿಕೊಂಡಿದ್ದರು. ಗಂಟಲೊಡೆದು ಬಂದವರು ಅಣ್ಣತಮ್ಮಂದಿರು, ಬದುಕಿದ್ದಾಗ ಒಬ್ಬರ ಮುಖ ಒಬ್ಬರು ನೋಡದವರು. ಒಂದು "ಗೋಡೆ ನಂದು" ಅಂದರೆ ಇನ್ನೊಂದು "ಗೋಡೆ ನಂದು" ಅನ್ನುವುದು. ಮೂರನೆಯ ಮಳೆಗಾಲಕ್ಕೆ ಗೋಡೆಯೇ ಬಿತ್ತು, ಜಗಳ ಬೀಳಲಿಲ್ಲ. ಹಾಗಾಗಿ ಹೆಚ್ಚಿನ ಹುಂಜಗಳನ್ನು ಗಂಟಲೊಡೆಯುವ ಮುಂಚೆಯೇ ಕಾಲುವೆಯಾಚೆಯ ಸಂತೆಗೆ ಸಾಗಿಸಬೇಕಿತ್ತು. ಕಾಲುವೆ ದಾಟಿದರೆ ಅವೂ ಎಲ್ಲ ಹುಂಜಗಳಂತೆ ಹುಂಜಗಳೇ. ಗಂಟಲೊಡೆದ ಮೇಲೆ ಸಾಗಿಸುವುದು ಯಾರ ಕೈಲಾಗುತ್ತದೆ? ಅಜ್ಜನ ಧ್ವನಿಯಲ್ಲಿ ಮಾತಾಡುವುದನ್ನು ಮಸಾಲೆಗೆ ಹಾಕುವ ಗುಂಡಿಗೆ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ.

ಆದರೆ ಸಾಗಿಸುವ ಮುಂಚೆ ಹುಂಜ ಯಾವುದು, ಹೇಂಟೆ ಯಾವುದು ಎಂದು ಗೊತ್ತಾಗಬೇಕಲ್ಲ? ಮರಿಗಳೆಲ್ಲ ಒಂದೇ ಥರ, ಹತ್ತಿಯುಂಡೆಗೆ ಕಾಲು ಬಂದಂತೆ. ಅದನ್ನು ಹೇಳುತ್ತಿದ್ದವಳು ನಮ್ಮಪ್ಪನ ಅಕ್ಕ, ಪುಟ್ಟತಾಯತ್ತೆ. ಏಳು ವಾರದ ಮರಿಗಳನ್ನು ಮಕ್ಕರಿಯಲ್ಲಿ ಮುಚ್ಚಿಕೊಂಡು ಹೆಂಗಸರು ಮಂಗಳವಾರ ಬೆಳಗ್ಗೆ ಅತ್ತೆಯ ಜಗುಲಿಯ ಮುಂದೆ ಸಾಲುಗಟ್ಟುತ್ತಿದ್ದರು. ಅತ್ತೆ ಮೊದಲು ಮರಿಗಳನ್ನು ಅಂಗಳಕ್ಕೆ ಬಿಟ್ಟು, ಹದ್ದು ಎರಗಿದಂತೆ ಮೇಲಿಂದ ಒಂದು ಟವೆಲು ಬೀಸುತ್ತಿದ್ದಳು. ನೆಲಕ್ಕೆ ಅವುಚಿಕೊಂಡದ್ದು ಹೇಂಟೆ, ಕತ್ತೆತ್ತಿ ನಿಂತದ್ದು ಹುಂಜ. ಅದು ಬರೀ ಅಂದಾಜು. ಆಮೇಲೆ ಒಂದೊಂದನ್ನೂ ಕೈಗೆತ್ತಿಕೊಂಡು ಮೂರು ಸಲ ತಿರುಗಿಸುವಳು. ಜುಟ್ಟು ಇಷ್ಟು ಬೇಗ ಕೆಂಪಾಯಿತೇ? ಕಾಲು ದಪ್ಪವೇ? ಕತ್ತಿನ ಮೇಲೆ, ಬೆನ್ನಿನ ತುದಿಯಲ್ಲಿ ಹೊಸದಾಗಿ ಬರುತ್ತಿರುವ ಗರಿಯ ತುದಿ ದುಂಡಗಿದೆಯೇ, ಚೂಪಗಿದೆಯೇ? ಕೊನೆಗೆ ಒಂದೇ ಮಾತು. "ಹೇಂಟೆ." ಇಲ್ಲವೇ "ಹುಂಜ." ಮೂವತ್ತು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಪುಕ್ಕ ನೋಡುವ ಕೆಲಸ, ಅದೂ ಪುಕ್ಕಟೆ ಎಂದು ನಾನು ಹಂಗಿಸುತ್ತಿದ್ದೆ.

"ತಾಯಕ್ಕ, ಚೂಪು ಮೊಟ್ಟೆನೇ ಆರ್ಸಿ ಕಾವಿಗಿಟ್ಟಿದ್ದೆ. ಚೂಪಾಗಿದ್ರೆ ಎಲ್ಲಾ ಹುಂಜಾನೇ ಆಯ್ತವೆ ಅಂತ ನಮ್ಮತ್ತೆ ಅಂದಿದ್ರಲ್ಲ?" ಎಂದು ಹೊಸದಾಗಿ ಮದುವೆಯಾಗಿ ಬಂದವಳೊಬ್ಬಳು ಕೇಳಿದ್ದಳು.

"ನಿಮ್ಮತ್ತೆ ಗುಂಡಗವ್ಳೆ. ಅವ್ಳ ಹೊಟ್ಟೇಲಿ ಮೂರು ಗಂಡು ಹುಟ್ಲಿಲ್ವಾ?" ಎಂದಳು ಅತ್ತೆ, ಮರಿಯಿಂದ ಕಣ್ಣು ತೆಗೆಯದೆ.

ಇಂಥದ್ದನ್ನೆಲ್ಲ ನಾನು ಆ ಮಧ್ಯಾಹ್ನವೇ ಅವರವರ ಧ್ವನಿಯಲ್ಲಿ ಬೀದಿಗೆ ಬಡಿಸುತ್ತಿದ್ದೆ. ನನ್ನ ಹೆಸರು ಕೆಂಪರಾಜು. ಬಿ.ಎ. ಓದುತ್ತಿದ್ದೆ, ಬಿ.ಎ. ಅಂದರೆ ಬಾಯಿ ಅಗಲ ಅಂತ ನಮ್ಮಪ್ಪ ಬಿಡಿಸಿ ಹೇಳುತ್ತಿದ್ದರು. ಊರಿನಲ್ಲಿ ನಾನು ಅಣಕಿಸದ ಗಂಟಲಿರಲಿಲ್ಲ, ಒಂದನ್ನು ಬಿಟ್ಟು. ಅದು ಅತ್ತೆಯ ಗಂಡ ಮರಿಸ್ವಾಮಿ ಮಾವನದು, ಅದನ್ನು ಒಂದೇ ಸಲಕ್ಕೆ ಬಿಟ್ಟಿದ್ದೆ.

ಮಾವ ಅಕ್ಕಿ ಗಿರಣಿಯಲ್ಲಿ ಚೀಲದ ಬಾಯಿ ಹೊಲಿಯುತ್ತಿದ್ದರು. ಹೊಲಿದು ಹೊಲಿದು ತಮ್ಮ ಬಾಯಿಯನ್ನೂ ಹೊಲಿದುಕೊಂಡಿದ್ದವರಂತೆ ಇದ್ದರು. ಆಡುವ ನಾಲ್ಕು ಮಾತನ್ನೂ ಪಕ್ಕದಲ್ಲಿ ಕೂತವರಿಗೆ ಕೇಳಿಸದಷ್ಟು ಮೆತ್ತಗೆ ಆಡುವರು. ಆ ಬೀದಿಯಲ್ಲಿ ಹೆಂಡತಿಗಿಂತ ಮುಂಚೆ ಎದ್ದು ಬಚ್ಚಲ ಹಂಡೆಗೆ ಉರಿ ಹಾಕುತ್ತಿದ್ದ ಗಂಡಸು ಅವರೊಬ್ಬರೇ. ನೀರು ಕಾದ ಮೇಲೆ ನಡುಮನೆಯ ಬಾಗಿಲಲ್ಲಿ ನಿಂತು ಅತ್ತೆಯನ್ನು ಕರೆಯುವರು. ಒಂದು ಸಲಕ್ಕೆ ಅವಳಿಗೆ ಕೇಳಿಸುತ್ತಿರಲಿಲ್ಲ. ಎರಡು, ಮೂರು ಸಲ ಕರೆಯುವರು, ಧ್ವನಿ ಮಾತ್ರ ಏರಿಸುತ್ತಿರಲಿಲ್ಲ.

ಅವರು ತೀರಿಕೊಂಡ ತಿಂಗಳೊಪ್ಪತ್ತಿನಲ್ಲಿ, ನನಗಾಗ ಹದಿನಾರು, ಜಗುಲಿಯ ಮೇಲೆ ನಾಲ್ಕು ಜನ ಸೇರಿದಾಗ ನಾನು ಮಾವನ ಹಾಗೆ ಕೆಮ್ಮಿ, ಮಾವನ ಹಾಗೆ ಅತ್ತೆಯನ್ನು ಕರೆದುಬಿಟ್ಟೆ. ಅತ್ತೆ ಒಳಗಿಂದ ಓಡಿ ಬಂದಳು. ಎರಡೂ ಕೈ ರಾಗಿ ಹಿಟ್ಟಾಗಿತ್ತು. ಬಾಗಿಲಲ್ಲಿ ನಿಂತು ನಮ್ಮೆಲ್ಲರ ಮುಖ ನೋಡಿ, ಕೊನೆಗೆ ನನ್ನದನ್ನು ನೋಡಿ, "ಅದೊಂದು ಮಾತ್ರ ಬ್ಯಾಡ ಕಣ್ಲಾ ಕೆಂಪ" ಅಂದಳು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆ.

ಆಗ ಅತ್ತೆಯ ಹಿತ್ತಲಲ್ಲಿದ್ದ ಹುಂಜ ಅವಳ ಅತ್ತೆಯದು. ಅಂದರೆ ಮಾವನ ತಾಯಿಯದು. "ಬಿಸ್ಲು ನೆತ್ತಿಗ್ ಬಂತು, ಇನ್ನೂ ಬಿದ್ದಿದ್ದೀಯೇನೇ?" ಎಂದು ಸೂರ್ಯ ಹುಟ್ಟುವ ಮುಂಚೆಯೇ ಅದು ಬೈಯುತ್ತಿತ್ತು. ಮಾವನನ್ನು ಕಳೆದುಕೊಂಡು ಮೂರು ವರ್ಷ ಅತ್ತೆ ಆ ಬೈಗುಳಕ್ಕೇ ಎದ್ದಳು, ಅದಕ್ಕೇ ಕಾಳು ಹಾಕಿದಳು, ಅದು ಮುಪ್ಪಾಗಿ ಕಣ್ಣು ಮಂಜಾದಾಗ ಅನ್ನ ಕಿವುಚಿ ತಿನ್ನಿಸಿದಳು. ಅದಿರುವವರೆಗೆ ಇನ್ನೊಂದು ಹುಂಜ ಇಟ್ಟುಕೊಳ್ಳುವಂತಿರಲಿಲ್ಲ. ಶಿವರಾತ್ರಿಯ ವಾರದಲ್ಲಿ ಅದು ತಣ್ಣಗಾಯಿತು. ಅತ್ತೆ ಅದನ್ನು ಕರಿಬೇವಿನ ಗಿಡದ ಬುಡದಲ್ಲಿ ಹೂತು, ಕೈ ತೊಳೆದುಕೊಂಡು, ಆ ಸಂಜೆಯೇ ಒಂಬತ್ತು ಮೊಟ್ಟೆ ಆರಿಸಿಟ್ಟಳು.

"ಈ ಸಲ ನಿಮ್ಮಾವ" ಅಂದಳು. "ಈ ಮನೇಲಿ ಇನ್ಯಾರವ್ರೆ ಬರಕ್ಕೆ?"

ಅವಳ ಹೇಂಟೆ ಕಾವಿಗೆ ಕೂರಲಿಲ್ಲ. ಹಿಂದಿನ ಗೋಡೆಯಾಚೆಯ ಹೊಂಬಾಳಮ್ಮನ ಮನೆಯಿಂದ ಕಾವಿನ ಹೇಂಟೆಯನ್ನು ಎರವಲು ತಂದಳು. ಎರವಲು ಕಾವಿಗೆ ಒಂದು ಹೇಂಟೆಮರಿ ಕೊಡುವುದು ನಮ್ಮಲ್ಲಿ ಪದ್ಧತಿ. ಹೊಂಬಾಳಮ್ಮ ಮೊಟ್ಟೆ ಮಾರುವವಳು. ಅವಳಿಗೆ ಹೇಂಟೆಯೇ ಬೇಕು, ಸತ್ತವರು ಬೇಡ.

ಆರು ಮರಿ ಹೊರಬಂದವು. ಏಳನೆಯ ವಾರಕ್ಕೆ ಸರಿಯಾಗಿ ನಾನು ಬೇಸಿಗೆ ರಜೆಗೆ ಅತ್ತೆಯ ಮನೆಗೆ ಬಂದೆ. ಎರಡು ಮರಿ ಮುಖ ನೋಡಿದರೇ ಹುಂಜ. ದಿನವಿಡೀ ಎದೆಗೆ ಎದೆ ಕೊಟ್ಟು ಕಾದಾಡುತ್ತ, ಸೋತದ್ದು ಗೆದ್ದದ್ದು ಎರಡೂ ಮೀಸೆ ತಿರುವುವ ಗತ್ತಿನಲ್ಲಿ ಓಡಾಡುತ್ತಿದ್ದವು. ಎರಡು ಗ್ಯಾರಂಟಿ ಹೇಂಟೆ. ಉಳಿದವು ಒಂದು ಕೆಂದು, ಒಂದು ಬೂದು. ಕೆಂದು ಮರಿ ಬಲು ಜೋರು. ಆ ಪುಂಡ ಹುಂಜಗಳನ್ನೇ ಕುಕ್ಕಿ ಓಡಿಸುತ್ತಿತ್ತು. ಜುಟ್ಟು ಆಗಲೇ ಕೆಂಪಾಗಿತ್ತು. ಟವೆಲು ಬೀಸಿದರೆ ಕತ್ತೆತ್ತಿ ನಿಂತಿತು. ಬೂದು ಮರಿ ಎಲ್ಲರ ಪೆಟ್ಟು ತಿಂದು ಮೂಲೆಯಲ್ಲಿರುವುದು, ಟವೆಲು ನೋಡಿದ್ದೇ ನೆಲಕ್ಕಂಟಿಕೊಂಡಿತು.

ಕೆಂದು ಮರಿ ದಿನಾ ಬೆಳಗ್ಗೆ ಬಚ್ಚಲಿಗೆ ಬಂದು ಹಂಡೆಯೊಲೆಯ ಪಕ್ಕ, ಮಾವ ಕೂರುತ್ತಿದ್ದ ಜಾಗದಲ್ಲೇ, ಬೆಚ್ಚಗೆ ಕೂರುತ್ತಿತ್ತು. ಅತ್ತೆಗೆ ಅಷ್ಟು ಸಾಕಾಯಿತು. ಬೇರೆಯವರ ಮರಿಯನ್ನು ಮೂರು ಸಲ ತಿರುಗಿಸುವವಳು ತನ್ನದನ್ನು ಕೈಗೇ ಎತ್ತಿಕೊಳ್ಳಲಿಲ್ಲ. "ಇದೇ" ಅಂದಳು.

"ಗರಿ ನೋಡಲ್ವಾ ಅತ್ತೆ?" ಅಂದೆ.

"ಮೂವತ್ತು ವರ್ಷದಿಂದ ಗರಿ ನೋಡಿವ್ನಿ. ನೀನು ಬುಕ್ಕು ನೋಡೋಗು."

ಪುಂಡರಿಬ್ಬರೂ ಕಾಲುವೆ ದಾಟಿದರು. ಕಾವಿನ ಋಣಕ್ಕೆ ಬೂದು ಮರಿ ಗೋಡೆಯಾಚೆ ಹೋಯಿತು. "ಇಷ್ಟು ಪಾಪದ್ದನ್ನ ಕೊಡ್ತೀಯಲ್ಲೇ ತಾಯಕ್ಕ, ಮೊಟ್ಟೆ ಇಡಕ್ಕೂ ನಾಚ್ಕತದೆ ಇದು" ಎಂದು ಹೊಂಬಾಳಮ್ಮ ಗೊಣಗಿದಳು. ಅತ್ತೆ, "ಹೇಂಟೆ ಅಂದ್ರೆ ಹೇಂಟೆ. ತಕ್ಕೊಂಡೋಗು" ಅಂದಳು.

ದಸರಾ ರಜೆಗೆ ನಾನು ಮತ್ತೆ ಬಂದಾಗ ಆರು ತಿಂಗಳು ತುಂಬಿತ್ತು. ಕೆಂದು ಇನ್ನೂ ಬಾಯಿಬಿಟ್ಟಿರಲಿಲ್ಲ. ಕಡ್ಲೆಪುರಿಯ ಡಬ್ಬ ನಡುಮನೆಯಲ್ಲಿ ತಯಾರಿತ್ತು, ಬೆಲ್ಲ ಕುಟ್ಟಿಟ್ಟಿತ್ತು, ಇರುವೆ ಹತ್ತಿ ಅದನ್ನೊಮ್ಮೆ ಬದಲಾಯಿಸಿಯೂ ಆಗಿತ್ತು. ಬೀದಿಯವರು ಏನಾದರೊಂದು ನೆವ ಮಾಡಿಕೊಂಡು ಬೆಳಗ್ಗೆಯೇ ಬಂದು ಕಿವಿ ಕೊಟ್ಟು ಹೋಗುತ್ತಿದ್ದರು. "ಮರಿಸ್ವಾಮಿ ಅಲ್ವಾ, ನಿಧಾನಕ್ಕೇ ಮಾತಾಡೋದು" ಎಂದು ಸಮಾಧಾನ ಹೇಳುತ್ತಿದ್ದರು. ಅತ್ತೆ ತೆಳ್ಳಗಾಗಿದ್ದಳು. ಕೋಳಿ ಕೂಗುವ ಹೊತ್ತಿಗೆ ಎದ್ದು ಹಿತ್ತಲ ಮೆಟ್ಟಿಲ ಮೇಲೆ ಕೂತು ಅದರ ಬಾಯನ್ನೇ ನೋಡುತ್ತಿದ್ದಳು.

ನಾನು ಬಂದ ಮೂರನೆಯ ದಿನ ಅಕ್ಕಿ ಡಬ್ಬಕ್ಕೆ ಕೈ ಹಾಕಿದಾಗ ಒಂದು ಮೊಟ್ಟೆ ಸಿಕ್ಕಿತು. ಚಿಕ್ಕದು, ಚೊಚ್ಚಲ ಮೊಟ್ಟೆ. ತಿರುಗಿದರೆ ಅತ್ತೆ ಹಿಂದೆಯೇ ನಿಂತಿದ್ದಳು.

"ಹಂಡೆಯೊಲೆ ಪಕ್ಕ ಇತ್ತು" ಅಂದಳು. ಆಮೇಲೆ, "ಬೇರೆ ಯಾವುದೋ ಹೇಂಟೆ ಬಂದು ಇಟ್ಟೋಗಿರ್ತದೆ" ಅಂದಳು. ಆಮೇಲೆ ಮೊಟ್ಟೆಯನ್ನು ನನ್ನ ಕೈಯಿಂದ ತೆಗೆದುಕೊಂಡು ಅಕ್ಕಿಯೊಳಗೆ ಇನ್ನೂ ಆಳಕ್ಕೆ ಹುಗಿದು, "ಯಾರ್ಗೂ ಹೇಳ್ಬ್ಯಾಡ" ಅಂದಳು. ನನ್ನ ಬಾಯಿಗೆ ಹತ್ತು ಹಾಸ್ಯ ಬಂದವು. ಹತ್ತನ್ನೂ ನುಂಗಿದೆ.

ಮಾರನೆಯ ಬೆಳಗ್ಗೆ ನಾನು ಹಿತ್ತಲಲ್ಲಿ ಹಲ್ಲುಪುಡಿ ಹಾಕಿಕೊಂಡು ನಿಂತಿದ್ದೆ. ಮಂಜು ಇನ್ನೂ ಹರಿದಿರಲಿಲ್ಲ. ಆಗ ತೀರ ಮೆತ್ತಗೆ, ಯಾರನ್ನೋ ಎಬ್ಬಿಸಲೋ ಬೇಡವೋ ಎಂಬಂಥ ಧ್ವನಿಯಲ್ಲಿ, "ಎದ್ಯಾ ತಾಯೀ? ನೀರು ಕಾದೈತೆ" ಎಂದು ಕೇಳಿಸಿತು.

ಒಳಗೆ ಚೊಂಬು ಬಿದ್ದ ಸದ್ದು. ಅತ್ತೆ ತಲೆ ಬಿಚ್ಚಿಕೊಂಡು ಓಡಿ ಬಂದಳು. ಹಿತ್ತಲಲ್ಲಿ ಕೆಂದು ಕೋಳಿ ಸುಮ್ಮನೆ ಹುಳ ಕೆದಕುತ್ತಿತ್ತು. ಅಲ್ಲಿ ಬಾಯಿ ತೆರೆದು ನಿಂತಿದ್ದವನು ನಾನೊಬ್ಬನೇ. ಕೆನ್ನೆಗೆ ಏಟು ಬಿತ್ತು. ಅತ್ತೆ ನನ್ನನ್ನು ಹೊಡೆದದ್ದು ಅದೇ ಮೊದಲು.

"ಬ್ಯಾಡ ಅಂದಿದ್ನಲ್ಲೋ! ಅದೊಂದು ಬ್ಯಾಡ ಅಂತ ಅಂದಿದ್ನಲ್ಲೋ ಕೆಂಪ! ಇವತ್ತೇ ಮಾಡ್ಬೇಕಾಗಿತ್ತಾ ನೀನು?"

ಬಾಯಿ ತುಂಬ ಪುಡಿಯ ನೊರೆ. ನಾನಲ್ಲ ಅನ್ನಲು ಹೋದರೆ ಬರೀ ಗುಳ್ಳೆ ಬಂತು. ಊರವರನ್ನೆಲ್ಲ ಅಣಕಿಸಿದವನಿಗೆ ತನ್ನ ಮಾತೇ ಹೊರಡದ ಗತಿ. ಅವಳು ಇನ್ನೊಮ್ಮೆ ಕೈಯೆತ್ತಿದಳು. ಆಗ ಗೋಡೆಯಾಚೆಯಿಂದ ಮತ್ತೆ, ಅಷ್ಟೇ ಮೆತ್ತಗೆ, "ಎದ್ಯಾ ತಾಯೀ? ನೀರು ಕಾದೈತೆ."

ಎತ್ತಿದ ಕೈ ಅಲ್ಲೇ ನಿಂತಿತು. ಅತ್ತೆ ಗೋಡೆಯತ್ತ ತಿರುಗಿದಳು. ಗೋಡೆಯ ಮೇಲೆ ಹೊಂಬಾಳಮ್ಮನ ತಲೆ ಮೂಡಿತು. ಅವಳ ಕಣ್ಣು ತಟ್ಟೆಯಷ್ಟಾಗಿತ್ತು.

"ತಾಯಕ್ಕ, ನಮ್ಮನೆ ಹೇಂಟೆ ನಿನ್ ಗಂಡನ್ ಥರ ಮಾತಾಡ್ತದೆ ಕಣೇ!"

ಬೂದು ಮರಿ ಹುಂಜವಾಗಿತ್ತು. ಜೋರಿನವರ ನಡುವೆ ಬೆಳೆಯುವ ಪುಕ್ಕಲು ಹುಂಜ ಜುಟ್ಟು ಬಿಡುವುದೂ ತಡ, ಬಾಯಿ ಬಿಡುವುದೂ ತಡ; ಇದು ಅತ್ತೆಯೇ ಬೇರೆಯವರಿಗೆ ನೂರು ಸಲ ಹೇಳಿದ್ದ ಪಾಠ. ಗೋಡೆಯಾಚೆ ಹೆದರಿಸುವವರಿಲ್ಲದೆ ಅದು ಹಿಗ್ಗಿ ಬೆಳೆದಿತ್ತು.

ಅತ್ತೆ ಆಮೇಲೆ ನನ್ನ ಕೆನ್ನೆಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಸಂಜೆ ಗೋಡೆಯ ಹತ್ತಿರ ಹೋಗಿ, "ಹೊಂಬಾಳೆ, ಆ ಬೂದು ಕೋಳಿ ಈಚೆ ಕೊಡು. ಬದ್ಲಿಗೆ ಇನ್ನೊಂದು ಕೊಡ್ತೀನಿ" ಅಂದಳು.

"ಯಾಕೆ? ನೀನು ಹೇಂಟೆ ಅಂತ ಕೊಟ್ಟೆ, ನಾನು ಹೇಂಟೆ ಅಂತ ತಕ್ಕೊಂಡೆ. ಹೇಂಟೇನ ಯಾಕ್ ವಾಪಸ್ ಕೇಳ್ತೀಯಾ?"

"ಸುಮ್ನೆ."

"ಸುಮ್ನೆ ಕೊಡಲ್ಲ. ಅದು ಹುಂಜ, ನಂಗೆ ಗೊತ್ತಾಗ್ಲಿಲ್ಲ ಅಂತ ಹೇಳು. ನನ್ ಕಿವೀಲಲ್ಲ, ಮಂಗಳವಾರ ಎಲ್ರ ಮುಂದೆ ಹೇಳು. ಹೋದ್ ವರ್ಷ ಎಲ್ರ ಮುಂದೆ ನಂಗೆ ಕಣ್ಣಿಲ್ಲ ಅಂದ್ಯಲ್ಲ, ಅಲ್ಲೇ ಹೇಳು."

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಬಂದಳು. ಐದು ಬೆಳಗ್ಗೆ ಹೀಗೇ ಕಳೆದವು. ಗೋಡೆಯಾಚೆಯಿಂದ ಮಾವ ಕರೆಯುವರು. ಈಚೆ ಅತ್ತೆ ಮುಸುಕೆಳೆದು, ಕೇಳಿಸದವಳಂತೆ ಮಲಗಿರುವಳು. ಮುಸುಕು ಮಾತ್ರ ಉಸಿರಾಡುತ್ತಿರಲಿಲ್ಲ. ಬೀದಿಯವರೂ ನಮ್ಮೂರ ಮರ್ಯಾದೆಯಂತೆ, ಬೇರೆ ಮನೆಯ ಹುಂಜದ ಮಾತು ತಮಗೆ ಬೇಡವೆಂಬಂತೆ ನಡೆದುಕೊಂಡರು. ಆದರೆ ಹೊಂಬಾಳಮ್ಮನ ಬಾಗಿಲ ಮುಂದೆ ಬೆಳಗ್ಗೆ ನಿಧಾನವಾಗಿ ನಡೆಯುವವರ ಸಂಖ್ಯೆ ಏರಿತು. ಆರನೆಯ ದಿನ ಯಾರೋ ಅವಳನ್ನು, "ಮರಿಸ್ವಾಮಿ ಹೆಂಗವ್ನೆ?" ಎಂದು ಕೇಳಿಬಿಟ್ಟರು. ಅತ್ತೆಗೆ ಅದು ಕೇಳಿಸಿತು.

ಮರುದಿನ ಮಂಗಳವಾರ. ಮಕ್ಕರಿಗಳು ಸಾಲಾಗಿ ಬಂದವು. ಅತ್ತೆ ಟವೆಲು ಹಿಡಿದು ಹೊರಗೆ ಬಂದರೆ ಸಾಲಿನ ಮೊದಲಲ್ಲಿ ಹೊಂಬಾಳಮ್ಮ ಕೂತಿದ್ದಳು. ಮಕ್ಕರಿ ಎತ್ತಿ ಬೂದು ಕೋಳಿಯನ್ನು ತೆಗೆದು ಅತ್ತೆಯ ಮುಂದೆ ಹಿಡಿದಳು.

"ನೋಡಿ ಹೇಳವ್ವ. ಇದೇನು?"

ಹೆಂಗಸರು ಕತ್ತು ಚಾಚಿದರು. ನಾನು ಕಂಬಕ್ಕೊರಗಿ ನಿಂತಿದ್ದೆ. ಅತ್ತೆ ಬೇಕಿದ್ದರೆ "ಹೇಂಟೆ" ಎಂದು ಹೇಳಿ ಮುಂದಿನ ಮಕ್ಕರಿ ಕರೆಯಬಹುದಿತ್ತು. ಅವಳು ಹೇಳಿದರೆ ಅದೇ ಕೊನೆ. ಊರು ಕೇಳಿಸಿಕೊಂಡದ್ದನ್ನು ಕೇಳಿಸಲಿಲ್ಲ ಅಂದುಕೊಳ್ಳುತ್ತಿತ್ತು. ಅವಳು ಕೋಳಿಯನ್ನು ಕೈಗೆ ತೆಗೆದುಕೊಂಡಳು. ಒಂದು ಸಲ ತಿರುಗಿಸಿದಳು. ಎರಡನೆಯ ಸಲ ಕತ್ತಿನ ಗರಿ ಬಿಡಿಸಿ ನೋಡಿದಳು. ಮೂರನೆಯ ಸಲ ಬೆನ್ನಿನ ತುದಿಯ ಗರಿಯನ್ನು ಎರಡು ಬೆರಳಲ್ಲಿ ಸವರಿದಳು. ಅವು ಸೂಜಿಯ ಹಾಗೆ ಚೂಪಾಗಿದ್ದವು. ಸವರುತ್ತಲೇ ಇದ್ದಳು, ನೋಡುವ ಕೆಲಸ ಮುಗಿದ ಮೇಲೂ.

"ಹುಂಜ" ಅಂದಳು. "ಹೇಂಟೆ ಅಂತ ಕೊಟ್ಟಿದ್ದೆ. ತಪ್ಪು ನಂದು." ಆಮೇಲೆ, "ನಾನು ಹುಂಜ ಅಂತ ಇಟ್ಕೊಂಡಿರೋದು ಹೇಂಟೆ. ಮೊಟ್ಟೆ ಇಕ್ಕಿತ್ತು. ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿವ್ನಿ" ಎಂದಳು. ಅದನ್ನು ಯಾರೂ ಕೇಳಿರಲಿಲ್ಲ. ತಾನಾಗಿ ಹೇಳಿದಳು.

ಹೊಂಬಾಳಮ್ಮ ಒಂದು ವಾರದಿಂದ ತಯಾರಿ ಮಾಡಿಕೊಂಡು ಬಂದಿದ್ದ ಮಾತು ಅವಳ ಬಾಯಲ್ಲೇ ಉಳಿಯಿತು. ಅವಳು ಅತ್ತೆಯ ಕೈಯಲ್ಲಿದ್ದ ಕೋಳಿಯನ್ನೂ, ಅತ್ತೆಯ ಬೆರಳನ್ನೂ ನೋಡಿದಳು.

"ಮೂವತ್ತು ವರ್ಷಕ್ಕೆ ಒಂದು ತಪ್ಪು" ಎಂದಳು ಕೊನೆಗೆ. "ಅದೂ ಸ್ವಂತ ಗಂಡನ್ನ ಗುರ್ತು ಹಿಡೀಲಿಲ್ವಲ್ಲೇ ತಾಯಕ್ಕ!"

ಮೊದಲು ನಕ್ಕವಳು ಅತ್ತೆಯೇ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಮಕ್ಕರಿಗಳ ಕೆಳಗೆ ಮರಿಗಳು ಗಾಬರಿಯಾಗಿ ಚೀಗುಟ್ಟಿದವು. ಕೆಂದು ಹೇಂಟೆ ತನ್ನ ಜೋರಿನ ಸಮೇತ ಗೋಡೆಯಾಚೆ ಹೋಯಿತು, ಹೊಂಬಾಳಮ್ಮನಿಗೆ ಅದರಿಂದ ನಷ್ಟವೇನೂ ಆಗಲಿಲ್ಲ. ನಷ್ಟವಾದದ್ದು ಅತ್ತೆಗೆ. ಮುಂದಿನ ಮಂಗಳವಾರ ಜಗುಲಿಯ ಮುಂದೆ ಮೂರೇ ಮಕ್ಕರಿ ಇದ್ದವು. ಉಳಿದವರು ಚೂಪು ಮೊಟ್ಟೆಯ ಶಾಸ್ತ್ರಕ್ಕೆ ತಿರುಗಿಕೊಂಡಿದ್ದರು. ಆ ವರ್ಷ ನಮ್ಮೂರಲ್ಲಿ ಏಳು ಹಿತ್ತಲಲ್ಲಿ ಎರಡೆರಡು ಮಂದಿ ಸತ್ತವರು ಕೂಗಾಡಿದರು. ಮರುವರ್ಷದ ಮಳೆಗಾಲದ ಹೊತ್ತಿಗೆ ಮಕ್ಕರಿಗಳು ಒಂದೊಂದಾಗಿ ಹಿಂದಿರುಗಿದವು. ಆದರೆ ಅತ್ತೆ ಬದಲಾಗಿದ್ದಳು. ಕೆಲವು ಮರಿಯನ್ನು ಮೂರು ಸಲ ತಿರುಗಿಸಿ ನೆಲಕ್ಕೆ ಬಿಟ್ಟು, "ಗೊತ್ತಾಯ್ತಿಲ್ಲ ಕಣವ್ವ. ಇನ್ನೆರಡು ವಾರ ಬಿಟ್ಟು ತಕ್ಕೊಂಬಾ" ಅನ್ನುತ್ತಿದ್ದಳು.

ಇದೆಲ್ಲ ನಡೆದು ಬಹಳ ಕಾಲವಾಯಿತು. ಈಗ ನಾನು ಪಾಠ ಹೇಳುವ ಊರಿನಲ್ಲಿ ಹುಂಜಗಳು ಕೊಕ್ಕೊರೊಕೋ ಎನ್ನುತ್ತವೆ, ಮಂದಿ ಅದಕ್ಕೇ ಎದ್ದು ಹೋಗುತ್ತಾರೆ. ಮಕ್ಕಳು ಕೇಳಿದರೆ ನಾನು ಮುದ್ದಯ್ಯನವರ ಕನ್ನಡಕದಿಂದ ಗಾಣದ ಮನೆಯ ಗೋಡೆಯವರೆಗೆ ಎಲ್ಲ ಹುಂಜಗಳನ್ನೂ ಕೂಗಿ ತೋರಿಸುತ್ತೇನೆ. ಮಾವನದನ್ನು ಮಾತ್ರ ನನ್ನದೇ ಧ್ವನಿಯಲ್ಲಿ ಹೇಳುತ್ತೇನೆ, ಕೂಗುವುದಿಲ್ಲ.

ಬೂದು ಹುಂಜ ಅತ್ತೆಯ ಹಿತ್ತಲಿಗೆ ಬಂದ ಮೊದಲ ಬೆಳಗ್ಗೆ ನಾನು ನಡುಮನೆಯಲ್ಲಿ ಮಲಗಿದ್ದೆ. ಹೊಸ ಜಾಗ, ಬಾಯಿ ಬಿಡುತ್ತದೋ ಇಲ್ಲವೋ ಎಂಬ ಅಂಜಿಕೆ ಇಬ್ಬರಿಗೂ ಇತ್ತು. ಕತ್ತಲು ತೆಳುವಾಗುವ ಹೊತ್ತಿಗೆ ಹಿತ್ತಲ ಬಾಗಿಲಾಚೆ ರೆಕ್ಕೆ ಬಡಿದ ಸದ್ದಾಯಿತು. "ಎದ್ಯಾ ತಾಯೀ? ನೀರು ಕಾದೈತೆ." ಅತ್ತೆಯ ಚಾಪೆಯಿಂದ ಸದ್ದಿಲ್ಲ. ನಾನು ಅವಳನ್ನು ಎಬ್ಬಿಸಲೆಂದು ತಿರುಗಿದೆ. ಅವಳು ಕಣ್ಣು ಬಿಟ್ಟುಕೊಂಡು ಸೂರನ್ನು ನೋಡುತ್ತಿದ್ದಳು. ಎರಡನೆಯ ಸಲ ಕರೆಯಿತು. ಅವಳು ನನ್ನತ್ತ ನೋಡಿ, ಸುಮ್ಮನಿರು ಎಂಬಂತೆ ಬಾಯಿಗೆ ಬೆರಳಿಟ್ಟಳು. ಮೂರನೆಯ ಸಲ, ಧ್ವನಿ ಒಂದಿಷ್ಟೂ ಏರಿಸದೆ, ಕರೆಯಿತು.

"ಕೇಳಿಸ್ತು ಕಣಪ್ಪ, ಕೇಳಿಸ್ತು" ಎಂದು ಅತ್ತೆ ಎದ್ದು ಕೂತು ತುರುಬು ಕಟ್ಟಿಕೊಂಡಳು. "ಊರಿಗೆಲ್ಲ ಕೇಳಿಸ್ತು."